ಲೆಕ್ಕದಿಂದ ಮೂಡುವ ಚಿತ್ರ

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ, ವರವು, ಕುದಾಪುರ ಮೊದಲಾದ ಗ್ರಾಮಗಳ ಸುತ್ತ ಹಬ್ಬಿರುವ ಬಯಲುಗಳಿಗೆ ಕಾವಲುಗಳೆಂದು ಹೆಸರು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಮೀಸಲಾಗಿದ್ದ ಈ ಹುಲ್ಲುಗಾವಲುಗಳು ಸುತ್ತಲಿನ ಹಳ್ಳಿಗರ ಕುರಿ, ಮೇಕೆ, ರಾಸುಗಳಿಗೂ ಆಧಾರವಾಗಿದ್ದವು. ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಇವುಗಳಲ್ಲಿ ಸಾವಿರಾರು ಎಕರೆಗಳನ್ನು ಸರ್ಕಾರವು ಕೆಲವು ವೈಜ್ಞಾನಿಕ ಸಂಸ್ಥೆಗಳಿಗೆ ಹಂಚಿಕೊಟ್ಟಿತು. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೂ, ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನ ಸಂಸ್ಥೆಗೂ ನೆಲ ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ ದೊರೆತುದು 1,500 ಎಕರೆ. ಮೇವಿನ ನೆಲ ಬೇಲಿಯೊಳಗೆ ಸೇರಿತೆಂದು ಕುರಿಗಾಹಿಗಳು ಆಕ್ಷೇಪವೆತ್ತಿದರು. ಮೊಕದ್ದಮೆ ಹಸಿರು ನ್ಯಾಯಮಂಡಲಿಯವರೆಗೂ ಹೋಯಿತು. ಆ ವಿವಾದವನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ಬೇಲಿಯ ಹೊರಗೆ ನಿಂತ ಹಳ್ಳಿಯ ಹುಡುಗನೊಬ್ಬನು "ಈ ಸಂಸ್ಥೆಯವರು ಮಾಡುವ ಕೆಲಸವಾದರೂ ಏನು? ಅದರಿಂದ ನಮಗೇನು?" ಎಂದು ಕೇಳಿದರೆ, ಅವನಿಗೆ ಉತ್ತರ ಕೊಡಬೇಕಾದುದು ನ್ಯಾಯ. ಉತ್ತರಗಳು ಹಲವಿವೆ. ಅವುಗಳಲ್ಲಿ ಒಂದನ್ನು ಮಾತ್ರ, ಎಂದರೆ ಜೀವಂತ ಶರೀರದ ಒಳಗನ್ನು ಕತ್ತರಿಸದೆಯೇ ನೋಡುವ ವಿದ್ಯೆಯನ್ನು, ಇಲ್ಲಿ ವಿವರಿಸುತ್ತೇನೆ.

ಕುದಾಪುರದ ಆವರಣದಲ್ಲಿ 2011ರಿಂದ ಪ್ರತಿಭಾ ವಿಕಾಸ ಕೇಂದ್ರವೊಂದು ನಡೆಯುತ್ತಿದ್ದು, ನಮ್ಮ ಪ್ರೌಢಶಾಲೆ, ಕಾಲೇಜುಗಳ ವಿಜ್ಞಾನೋಪಾಧ್ಯಾಯರು ಅಲ್ಲಿ ತರಬೇತಿ ಪಡೆಯುತ್ತಾರೆ. ಶರೀರ ಚಿತ್ರಣದ ದೊಡ್ಡ ಯಂತ್ರಗಳಿರುವುದು ಅಲ್ಲಿಂದ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. 1909ರಲ್ಲಿ ಸ್ಥಾಪಿತವಾದ, ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಮೂಲ ಆವರಣವದು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಅಲ್ಲಿ ಈ ವಿದ್ಯೆ ವೇಗವಾಗಿ ಬೆಳೆದಿದೆ. 2014ರಲ್ಲಿ ಕ್ರಿಸ್ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟ್ ಕೊಟ್ಟ 225 ಕೋಟಿ ರೂಪಾಯಿಗಳ ನೆರವಿನಿಂದ ಮಿದುಳಿನ ಸಂಶೋಧನ ಕೇಂದ್ರವು ಆರಂಭವಾಯಿತು. ಅದರ ಹೊಸ ಕಟ್ಟಡದ ಉದ್ಘಾಟನೆ 2022ರ ಜೂನ್ 20ರಂದು ನಡೆಯಿತು. ಸಂಸ್ಥೆಯಲ್ಲಿಯೇ ಜೆ. ಎನ್. ಟಾಟಾ ಹೆಸರಿನ ರಾಷ್ಟ್ರೀಯ ಎಂ.ಆರ್.ಐ. ಸೌಲಭ್ಯವಿದೆ. ಕಟ್ಟಡದ ಉದ್ಘಾಟನೆಯ ದಿನವೇ ಬಾಗ್ಚಿ–ಪಾರ್ಥಸಾರಥಿ ಆಸ್ಪತ್ರೆಗೂ ಶಂಕುಸ್ಥಾಪನೆಯಾಯಿತು. ಎರಡು ಕುಟುಂಬಗಳು ಕೂಡಿ ಕೊಟ್ಟ 425 ಕೋಟಿ ರೂಪಾಯಿಗಳ ಆ ಯೋಜನೆಯಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆಯೂ ಸೇರಿದೆ. ಒಂದು ಶತಮಾನಕ್ಕೂ ಮಿಕ್ಕಿ ವೈದ್ಯಕೀಯದ ಗೊಡವೆಯಿಲ್ಲದೆ ಬಾಳಿದ ಸಂಸ್ಥೆಯ ಪಾಲಿಗೆ ಇದು ದೊಡ್ಡ ತಿರುವೇ ಸರಿ.

ಕೋಟಿಗಳ ಲೆಕ್ಕವನ್ನು ಇಲ್ಲಿಗೆ ಬಿಡೋಣ. ಈ ಯಂತ್ರಗಳು ಮಾಡುವುದೇನು ಎಂಬುದರ ಹಿಂದೆ ಇನ್ನೊಂದು ಲೆಕ್ಕವಿದೆ. ಅದರ ಮುಖ್ಯ ಸೂತ್ರಗಳಲ್ಲಿ ಕೆಲವು ಇದೇ ಆವರಣದಲ್ಲಿ, ಅಥವಾ ಅಲ್ಲಿ ಮುಂದೆ ಪಾಠ ಹೇಳಿದವರ ಕೈಯಲ್ಲಿ, ರೂಪುಗೊಂಡವೆಂಬುದನ್ನು ತಿಳಿದವರು ಕಡಮೆ.

ಎಂ.ಆರ್.ಐ., ಸಿ.ಟಿ. ಎಂಬ ಯಂತ್ರಗಳು ಶರೀರದೊಳಗಿನ ಫೋಟೋ ತೆಗೆಯುತ್ತವೆಂದು ಜನ ಹೇಳುವುದುಂಟು. ಇದು ಸರಿಯಲ್ಲ. ಫೋಟೋ ಎಂದರೆ ವಸ್ತುವಿನಿಂದ ಹೊರಟ ಬೆಳಕು ಮಸೂರದ ಮೂಲಕ ಹಾದು ಫಲಕದ ಮೇಲೆ ತಾನೇ ಮೂಡಿಸುವ ಬಿಂಬ. ಈ ಯಂತ್ರಗಳಲ್ಲಿ ಮಸೂರವೂ ಇಲ್ಲ, ಬಿಂಬವೂ ಇಲ್ಲ. ಯಂತ್ರಕ್ಕೆ ದೊರೆಯುವುದು ಲಕ್ಷಗಟ್ಟಲೆ ಸಂಖ್ಯೆಗಳು ಮಾತ್ರ. ಆ ಸಂಖ್ಯೆಗಳಿಂದ ಗಣಕಯಂತ್ರವು ಚಿತ್ರವನ್ನು ಗಣಿಸಿ ತೆಗೆಯಬೇಕು. ಲೆಕ್ಕ ತಪ್ಪಿದರೆ ಇಲ್ಲದ ಗಡ್ಡೆ ಕಾಣಿಸೀತು, ಇರುವ ಗಡ್ಡೆ ಮರೆಯಾದೀತು.

1895ರಲ್ಲಿ ರಾಂಟ್‌ಗನ್ ಕ್ಷ-ಕಿರಣಗಳನ್ನು ಕಂಡುಹಿಡಿದಾಗ ದೊರೆತುದು ಬಿಂಬವಲ್ಲ, ನೆರಳು. ಎದೆಯ ಮುಂದಿನ ಪಕ್ಕೆಲುಬು, ನಡುವಣ ಹೃದಯ, ಹಿಂದಿನ ಬೆನ್ನೆಲುಬು ಎಲ್ಲದರ ನೆರಳೂ ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತವೆ. ಯಾವುದು ಎಷ್ಟು ಆಳದಲ್ಲಿದೆ ಎಂಬುದು ಒಂದೇ ನೆರಳಿನಿಂದ ತಿಳಿಯದು. ಆದರೆ ಒಂದೇ ವಸ್ತುವಿನ ನೆರಳನ್ನು ನಾಲ್ಕಾರು ದಿಕ್ಕುಗಳಿಂದ ಪಡೆದರೆ?

ಶೇಂಗಾ ವ್ಯಾಪಾರದ ನಮ್ಮ ಚಳ್ಳಕೆರೆಯ ಮಂಡಿಯಿಂದಲೇ ಒಂದು ನಿದರ್ಶನ ತೆಗೆದುಕೊಳ್ಳೋಣ. ಒಂದು ಗೋದಾಮಿನಲ್ಲಿ ಮೇಲೆ ಎರಡು, ಕೆಳಗೆ ಎರಡು, ಹೀಗೆ ಚೌಕಾಕಾರವಾಗಿ ನಾಲ್ಕು ಕೋಣೆಗಳಿವೆ. ಬಾಗಿಲುಗಳಿಗೆ ಬೀಗ ಬಿದ್ದಿದೆ. ಪ್ರತಿಯೊಂದರಲ್ಲಿ ಎಷ್ಟು ಮೂಟೆಯಿದೆ ಎಂದು ಗುಮಾಸ್ತನಿಗೆ ತಿಳಿಯದು. ಆದರೆ ಅವನ ಪುಸ್ತಕದಲ್ಲಿ ಮೊತ್ತಗಳಿವೆ: ಮೇಲಿನ ಸಾಲು 4, ಕೆಳಗಿನ ಸಾಲು 6, ಎಡಗಂಬ 5, ಬಲಗಂಬ 5, ಎಡ ಮೇಲಿನಿಂದ ಬಲ ಕೆಳಗಿನ ಕರ್ಣ 3, ಇನ್ನೊಂದು ಕರ್ಣ 7. ಎಡ ಮೇಲಿನ ಕೋಣೆಯ ಮೂಲಕ ಹಾದುಹೋಗುವ ಮೂರು ಮೊತ್ತಗಳನ್ನು ಕೂಡಿಸಿರಿ: 4, 5, 3 ಸೇರಿ 12. ಇದರಲ್ಲಿ ಆ ಕೋಣೆಯ ಲೆಕ್ಕ ಮೂರು ಬಾರಿಯೂ ಉಳಿದ ಮೂರು ಕೋಣೆಗಳ ಲೆಕ್ಕ ಒಂದೊಂದು ಬಾರಿಯೂ ಸೇರಿದೆ. ಒಟ್ಟು ಮೂಟೆಗಳು 10. ಆದುದರಿಂದ 12ರಲ್ಲಿ 10ನ್ನು ಕಳೆದು ಉಳಿದ 2, ಆ ಕೋಣೆಯ ಮೂಟೆಗಳ ಎರಡರಷ್ಟು. ಅಲ್ಲಿರುವುದು ಒಂದೇ ಮೂಟೆ. ಉಳಿದ ಕೋಣೆಗಳನ್ನು ಓದುಗರೇ ಬಿಡಿಸಬಹುದು. ಬೀಗ ತೆಗೆಯದೆ ಒಳಗಿನದನ್ನು ತಿಳಿದಂತಾಯಿತಲ್ಲವೆ? ಕ್ಷ-ಕಿರಣವೂ ಇಂತಹ ಗುಮಾಸ್ತನೇ. ಅದು ಶರೀರವನ್ನು ಹಾಯುವಾಗ ಎಷ್ಟು ಕುಂದಿತೆಂಬುದು ದಾರಿಯಲ್ಲಿದ್ದ ಎಲ್ಲ ಕೋಣೆಗಳ ಮೊತ್ತವನ್ನು ಹೇಳುತ್ತದೆ.

ಎಲ್ಲ ದಿಕ್ಕುಗಳ ಮೊತ್ತಗಳು ತಿಳಿದರೆ ಒಳಗಿನದೂ ಸಂಪೂರ್ಣವಾಗಿ ತಿಳಿಯುವುದೆಂದು ಆಸ್ಟ್ರಿಯದ ಗಣಿತಜ್ಞ ಯೋಹಾನ್ ರೇಡಾನ್ 1917ರಲ್ಲಿಯೇ ಸಾಧಿಸಿದ್ದನು. ವೈದ್ಯರಿಗೆ ಆ ಪ್ರಮೇಯದ ಸುಳಿವು ಇರಲಿಲ್ಲ. ಇಂಗ್ಲೆಂಡಿನ ಇಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಕಟ್ಟಿದ ಮೊದಲ ಪ್ರಯೋಗಯಂತ್ರವು ಸುಮಾರು 28,000 ಅಳತೆಗಳನ್ನು ತೆಗೆಯಲು ಒಂಬತ್ತು ದಿನ ಹಿಡಿಯಿತು. ಅವುಗಳ ಸಮೀಕರಣಗಳನ್ನು ಬಿಡಿಸಲು ದೊಡ್ಡ ಗಣಕಯಂತ್ರಕ್ಕೆ ಎರಡೂವರೆ ಗಂಟೆ ಬೇಕಾಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ಈ ವಿಧಾನದಿಂದ ನೋಡಲಾಯಿತು. ಅದೇ ಸಿ.ಟಿ. ಯಂತ್ರ.

ಗೋದಾಮಿನ ನಾಲ್ಕು ಕೋಣೆಗಳ ಬದಲು ಲಕ್ಷಾಂತರ ಕೋಣೆಗಳಿದ್ದರೆ ಸಮೀಕರಣಗಳನ್ನು ಒಂದೊಂದಾಗಿ ಬಿಡಿಸುವುದು ದೀರ್ಘ ಶ್ರಮ. ಸುಲಭವಾದ ಉಪಾಯ, ಪ್ರತಿಯೊಂದು ನೆರಳನ್ನೂ ಅದು ಬಂದ ದಾರಿಯಲ್ಲಿ ಹಿಂದಕ್ಕೆ ಬಳಿದುಬಿಡುವುದು. ಹಲವು ದಿಕ್ಕಿನ ಬಳಿತಗಳು ಕೂಡಿದಲ್ಲಿ ವಸ್ತು ಕಾಣಿಸಿಕೊಳ್ಳುತ್ತದೆ. ಆದರೆ ಹೀಗೆ ಮೂಡುವ ಚಿತ್ರ ಮಸುಕು. ಪ್ರತಿಯೊಂದು ಚುಕ್ಕೆಯ ಸುತ್ತಲೂ ಪ್ರಭಾವಳಿಯೊಂದು ಹರಡಿರುತ್ತದೆ. ಇದರ ಪರಿಹಾರವನ್ನು 1971ರಲ್ಲಿಯೇ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಪ್ರಕಟಿಸಿದರು. ಸಿ. ವಿ. ರಾಮನ್ನರ ಶಿಷ್ಯರಾಗಿ ಬೆಂಗಳೂರಿನಲ್ಲಿ ಕಲಿತ ರಾಮಚಂದ್ರನ್, ಮದರಾಸಿನಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಮೂರೆಳೆಯ ರಚನೆಯನ್ನು ಬಿಡಿಸಿ ವಿಖ್ಯಾತರಾಗಿ, ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರು. ಅವರ ಉಪಾಯವಿದು: ನೆರಳನ್ನು ಹಿಂದಕ್ಕೆ ಬಳಿಯುವುದಕ್ಕೆ ಮೊದಲೇ ಅದರ ಪ್ರತಿಯೊಂದು ಅಳತೆಯಿಂದ ನೆರೆಹೊರೆಯ ಅಳತೆಗಳ ಗೊತ್ತಾದ ಅಂಶವನ್ನು ಕಳೆಯಬೇಕು. ನಡುವಿನ ಅಳತೆಯನ್ನು 1/4ರಿಂದ ಗುಣಿಸಿ, ಎಡಬಲಗಳ ಮೊದಲನೆಯದನ್ನು ಪೈ ವರ್ಗದಿಂದ ಭಾಗಿಸಿ ಕಳೆಯುವುದು, ಎರಡನೆಯದನ್ನು ಬಿಟ್ಟುಬಿಡುವುದು, ಮೂರನೆಯದನ್ನು ಪೈ ವರ್ಗದ 9ರಷ್ಟರಿಂದ, ಐದನೆಯದನ್ನು 25ರಷ್ಟರಿಂದ ಭಾಗಿಸಿ ಕಳೆಯುವುದು, ಹೀಗೆಯೇ ಮುಂದೆ. ಪ್ರಭಾವಳಿಗಳು ಒಂದನ್ನೊಂದು ಅಳಿಸಿಕೊಂಡು ಚಿತ್ರ ತಿಳಿಯಾಗುತ್ತದೆ. ಈ ಎಲ್ಲ ಗುಣಕಗಳನ್ನು ಕೂಡಿದರೆ ಸೊನ್ನೆ ಬರುತ್ತದೆಂಬುದನ್ನು ಕಾಲೇಜಿನ ಗಣಿತ ವಿದ್ಯಾರ್ಥಿಗಳು ಸಾಧಿಸಿ ನೋಡಬಹುದು.

ಇಂತಹುದೇ ಮಾರ್ಗವನ್ನು ಬ್ರೇಸ್‌ವೆಲ್ ಮತ್ತು ರಿಡ್ಲ್ ಎಂಬುವರು 1967ರಲ್ಲಿ ಬಾನುಲಿ ಖಗೋಳ ವಿಜ್ಞಾನಕ್ಕಾಗಿ ಕಂಡುಕೊಂಡಿದ್ದರು. ಆದುದರಿಂದ ಇಡೀ ಕೀರ್ತಿಯನ್ನು ಬೆಂಗಳೂರಿಗೇ ಕಟ್ಟುವುದು ಸತ್ಯಕ್ಕೆ ದೂರ. ಆದರೆ ಕ್ಷ-ಕಿರಣ ಚಿತ್ರಣದವರು ಮುಂದೆ ಬಳಸಿಕೊಂಡುದು ರಾಮಚಂದ್ರನ್ನರ ವಿಧಾನವನ್ನು. ಆ ಗುಣಕಗಳ ಮಾಲೆಗೆ ಇಂದಿಗೂ ಜಗತ್ತಿನೆಲ್ಲೆಡೆ ಅವರಿಬ್ಬರ ಹೆಸರುಗಳನ್ನು ಮೊಟಕುಗೊಳಿಸಿ ರಾಮ್-ಲಕ್ ಶೋಧಕವೆಂದು ಹೆಸರು. 1979ರ ನೊಬೆಲ್ ಪಾರಿತೋಷಕವು ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕರಿಗೆ ಸಂದಿತು.

ಸಿ.ಟಿ. ಯಂತ್ರದಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ. ಮಿದುಳಿನಂತಹ ಮೃದುವಾದ ಭಾಗಗಳ ಒಳಭೇದಗಳು ಅಷ್ಟು ಸ್ಪಷ್ಟವಲ್ಲ. ಮೇಲಾಗಿ ಕ್ಷ-ಕಿರಣವು ಜೀವಕೋಶಗಳಿಗೆ ಹಾನಿಮಾಡಬಲ್ಲದಾದ ಕಾರಣ ಆರೋಗ್ಯವಂತರ ಮೇಲೆ ಅದನ್ನು ಪದೇಪದೇ ಪ್ರಯೋಗಿಸುವಂತಿಲ್ಲ. ಈ ಎರಡು ಕೊರತೆಗಳನ್ನೂ ತುಂಬಿದುದು ಎಂ.ಆರ್.ಐ. ಇದರಲ್ಲಿ ಸಂಖ್ಯೆಗಳನ್ನು ಹೇಳುವವರು ನಮ್ಮ ಶರೀರದ ನೀರಿನಲ್ಲಿರುವ ಜಲಜನಕದ ಬೀಜಗಳು, ಎಂದರೆ ಪ್ರೋಟಾನುಗಳು.

ಪ್ರೋಟಾನು ಅತ್ಯಂತ ಸೂಕ್ಷ್ಮವಾದ ಅಯಸ್ಕಾಂತ, ಬುಗುರಿಯಂತೆ ಭ್ರಮಣವುಳ್ಳದ್ದು. ಕಾಂತಕ್ಷೇತ್ರದಲ್ಲಿಟ್ಟಾಗ ಅದು ವಾಲಿದ ಬುಗುರಿಯ ಹಾಗೆ ಕ್ಷೇತ್ರದ ಸುತ್ತ ತೂಗಾಡುತ್ತ ಸುತ್ತುತ್ತದೆ. ಸುತ್ತುವ ಆವೃತ್ತಿ ಕ್ಷೇತ್ರದ ಬಲಕ್ಕೆ ಅನುಗುಣ: ಒಂದು ಟೆಸ್ಲಾಕ್ಕೆ ಸೆಕೆಂಡಿಗೆ 4 ಕೋಟಿ 25 ಲಕ್ಷ 80 ಸಾವಿರ ಬಾರಿ, ಅಥವಾ 42.58 ಮೆಗಾಹರ್ಟ್ಸ್. ಅದೇ ಆವೃತ್ತಿಯ ಬಾನುಲಿ ಅಲೆಯನ್ನು ಹಾಯಿಸಿದರೆ ಪ್ರೋಟಾನುಗಳು ಅದರಿಂದ ಶಕ್ತಿಯನ್ನು ಹೀರಿ, ಅಲೆ ನಿಂತ ಮೇಲೆ ಅದೇ ಆವೃತ್ತಿಯಲ್ಲಿ ಮರುನುಡಿ ಕೊಡುತ್ತವೆ. ಇದೇ ಬೀಜಗಳ ಕಾಂತೀಯ ಅನುರಣನೆ. ಸಂಶೋಧನ ಯಂತ್ರಗಳಲ್ಲಿ ಸಾಮಾನ್ಯವಾದ 3 ಟೆಸ್ಲಾ ಕ್ಷೇತ್ರದಲ್ಲಿ ಈ ಆವೃತ್ತಿ ಸುಮಾರು 128 ಮೆಗಾಹರ್ಟ್ಸ್, ಆಸ್ಪತ್ರೆಗಳ 1.5 ಟೆಸ್ಲಾದಲ್ಲಿ ಸುಮಾರು 64. ನಡುವೆ ಎಲ್ಲಿಯಾದರೂ 2.41 ಟೆಸ್ಲಾದ ಅಯಸ್ಕಾಂತವಿದ್ದರೆ ಅದರೊಳಗಿನ ಪ್ರೋಟಾನುಗಳು 102.6 ಮೆಗಾಹರ್ಟ್ಸಿನಲ್ಲಿ ನುಡಿದಾವು. ಅದು ಚಿತ್ರದುರ್ಗ ಆಕಾಶವಾಣಿಯ ಸ್ಥಾನ! ಇದು ಬರಿಯ ವಿನೋದವಲ್ಲ. ಹೊರಗಿನ ಪ್ರಸಾರ ಒಳನುಗ್ಗಿದರೆ ಚಿತ್ರದ ತುಂಬ ಗೆರೆಗಳು ಬೀಳುತ್ತವೆ. ಎಂ.ಆರ್.ಐ. ಕೋಣೆಯ ಗೋಡೆ, ಮೇಲ್ಛಾವಣಿ, ನೆಲಗಳನ್ನು ತಾಮ್ರದ ತಗಡಿನಿಂದ ಸುತ್ತುವುದು ಇದಕ್ಕಾಗಿಯೇ.

ಪ್ರೋಟಾನುಗಳ ನುಡಿ ಬಲು ಕ್ಷೀಣ. ಕ್ಷೇತ್ರದ ದಿಕ್ಕಿಗೆ ನಿಲ್ಲುವವು ಮತ್ತು ವಿರುದ್ಧ ದಿಕ್ಕಿಗೆ ನಿಲ್ಲುವವು ಬಹುಮಟ್ಟಿಗೆ ಸಮಸಂಖ್ಯೆಯಲ್ಲಿದ್ದು ಒಂದರ ಪರಿಣಾಮವನ್ನು ಇನ್ನೊಂದು ಅಳಿಸುತ್ತದೆ. 3 ಟೆಸ್ಲಾದಲ್ಲಿಯೂ ಹತ್ತು ಲಕ್ಷಕ್ಕೆ ಸುಮಾರು ಹತ್ತು ಪ್ರೋಟಾನುಗಳಷ್ಟೇ ಹೆಚ್ಚುವರಿಯಾಗಿ ಉಳಿದು ನಮಗೆ ಸುದ್ದಿ ಕೊಡುತ್ತವೆ. ಆದರೂ ಸಾಕಾಗುತ್ತದೆ, ಏಕೆಂದರೆ ಒಂದು ಘನ ಮಿಲಿಮೀಟರ್ ನೀರಿನಲ್ಲಿ ಆರು ಕೋಟಿ ಕೋಟಿಯ ಒಂದು ಲಕ್ಷ ಪಾಲಿಗಿಂತ ಕಡಮೆಯೇನಲ್ಲ, 67ರ ಮುಂದೆ 18 ಸೊನ್ನೆಗಳನ್ನಿಟ್ಟಷ್ಟು ಪ್ರೋಟಾನುಗಳಿವೆ.

ಈ ಅನುರಣನೆಯನ್ನು ಅಮೆರಿಕದಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಅವರ ತಂಡಗಳು ಬೇರೆ ಬೇರೆಯಾಗಿ ಕಂಡುದು 1945–46ರಲ್ಲಿ. ಐದೇ ವರ್ಷಗಳ ಅನಂತರ, 1951ರಲ್ಲಿ, ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿದ್ದ ಜಿ. ಸೂರ್ಯನ್ ಬಹು ಸರಳವಾದ ಪ್ರಶ್ನೆಯೊಂದನ್ನು ಕೇಳಿಕೊಂಡರು: ನೀರು ನಿಂತಿರದೆ ಹರಿಯುತ್ತಿದ್ದರೆ ಏನಾಗುತ್ತದೆ? ಅಯಸ್ಕಾಂತದ ಧ್ರುವಗಳ ನಡುವೆ ಬಾಗಿದ ನಳಿಗೆಯೊಂದನ್ನಿಟ್ಟು ಅದರಲ್ಲಿ ನೀರು ಹಾಯಿಸಿದಾಗ ಅನುರಣನೆಯ ಸಂಕೇತ ಹೆಚ್ಚು ಬಲವಾಯಿತು. ಕಾರಣ ಕಷ್ಟದ್ದಲ್ಲ. ನಿಂತ ನೀರಿನ ಪ್ರೋಟಾನುಗಳು ಒಂದೇ ಸಮನೆ ಬಾನುಲಿ ಅಲೆಯನ್ನು ಹೀರಿ ಹೀರಿ ದಣಿಯುತ್ತವೆ. ಹರಿಯುವ ನೀರಿನಲ್ಲಿ ದಣಿದವು ಮುಂದೆ ಸಾಗಿ ಹೊಸವು ಬರುತ್ತಿರುತ್ತವೆ. ಆದುದರಿಂದ ಸಂಕೇತದ ಬಲವನ್ನು ನೋಡಿ ಪ್ರವಾಹದ ವೇಗವನ್ನು ಹೇಳಬಹುದು. ಪ್ರಕಟವಾದುದು ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯ ನಾಲ್ಕಾರು ಪುಟಗಳಲ್ಲಿ. ಇಂದು ಮಿದುಳಿನ ರಕ್ತನಾಳಗಳನ್ನು ಯಾವ ಔಷಧವನ್ನೂ ಚುಚ್ಚದೆ ಎಂ.ಆರ್.ಐ.ಯಲ್ಲಿ ಬೆಳ್ಳಗೆ ಬೆಳಗುವಂತೆ ತೋರಿಸುವ ವಿಧಾನವಿದೆಯಷ್ಟೆ. ಹೊಸ ರಕ್ತ ಒಳಬರುವೆಡೆ ಸಂಕೇತ ಬಲವಾಗುವುದೆಂಬ ಅದರ ತತ್ತ್ವವು ಆ ನಳಿಗೆಯಲ್ಲಿ ಕಂಡ ತತ್ತ್ವವೇ. ಶರೀರಶಾಸ್ತ್ರದ ಯೋಚನೆಯೇ ಇಲ್ಲದೆ, ಕುತೂಹಲವೊಂದರಿಂದಲೇ ಮಾಡಿದ ಪ್ರಯೋಗ ಅದು. ಹಣ ಕೊಡುವವರು "ಇದರಿಂದ ಉಪಯೋಗವೇನು?" ಎಂದು ಮೊದಲೇ ಕೇಳಿದ್ದರೆ ಸೂರ್ಯನ್ ಏನು ಹೇಳುತ್ತಿದ್ದರೋ ಎಂದು ನನಗೆ ಹಲವು ಬಾರಿ ಅನಿಸಿದೆ.

ಆದರೆ ಸಂಕೇತ ಬಂದರೆ ಸಾಲದು, ಅದು ಎಲ್ಲಿಂದ ಬಂತೆಂದು ತಿಳಿಯಬೇಕು. ಅಮೆರಿಕದ ಪಾಲ್ ಲೌಟರ್‌ಬರ್ 1973ರಲ್ಲಿ ದಾರಿ ತೋರಿಸಿದನು. ಕಾಂತಕ್ಷೇತ್ರವನ್ನು ಎಲ್ಲೆಡೆ ಸಮವಾಗಿರಿಸದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಜಾರಾಗಿಸಿದರೆ, ಪ್ರೋಟಾನುಗಳು ಇರುವ ಸ್ಥಳಕ್ಕೆ ತಕ್ಕಂತೆ ಬೇರೆಬೇರೆ ಆವೃತ್ತಿಯಲ್ಲಿ ನುಡಿಯುತ್ತವೆ. ಹಾರ್ಮೋನಿಯಂನ ಸ್ವರ ಕೇಳಿ ಒತ್ತಿದ ಮನೆ ಯಾವುದೆಂದು ಹೇಳುವಂತೆ, ಆವೃತ್ತಿಯಿಂದ ಸ್ಥಳವನ್ನು ಹೇಳಬಹುದು. ಲೌಟರ್‌ಬರ್ ಇಳಿಜಾರಿನ ದಿಕ್ಕನ್ನು ತಿರುಗಿಸುತ್ತ ಹಲವು ನೆರಳುಗಳನ್ನು ಪಡೆದು, ಸಿ.ಟಿ.ಯ ಮಾದರಿಯಲ್ಲಿಯೇ ಚಿತ್ರ ಕಟ್ಟಿದನು. ಎರಡು ವರ್ಷಗಳ ಬಳಿಕ ಜೂರಿಕ್‌ನಲ್ಲಿ ರಿಚರ್ಡ್ ಅರ್ನ್‌ಸ್ಟ್ ಅವರೊಡನೆ ಕೆಲಸಮಾಡುತ್ತಿದ್ದ ಭಾರತೀಯ ಭೌತವಿಜ್ಞಾನಿ ಅನಿಲ್ ಕುಮಾರ್, ವೆಲ್ಟಿ ಮತ್ತು ಅರ್ನ್‌ಸ್ಟ್ ಅವರ ಜೊತೆಗೂಡಿ ಬೇರೊಂದು ಮಾರ್ಗವನ್ನು ಪ್ರಕಟಿಸಿದರು. ಇಳಿಜಾರನ್ನು ತಿರುಗಿಸುವ ಬದಲು, ಮೊದಲು ಒಂದು ದಿಕ್ಕಿನಲ್ಲಿ ಸ್ವಲ್ಪ ಕಾಲ, ಬಳಿಕ ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಸ್ವಲ್ಪ ಕಾಲ ಹಾಕುವುದು. ಬಂದ ಸಂಕೇತಗಳ ಕೋಷ್ಟಕವನ್ನು ಫೂರಿಯೇಯ ಗಣಿತದಿಂದ ಒಮ್ಮೆಗೇ ಚಿತ್ರವಾಗಿ ಮಾರ್ಪಡಿಸುವುದು. ಇಂದು ಆಸ್ಪತ್ರೆಗಳಲ್ಲಿ ನಡೆಯುವ ಬಹುಪಾಲು ಎಂ.ಆರ್.ಐ. ಈ ಮಾರ್ಗದ ಸಂತಾನ. ಅನಿಲ್ ಕುಮಾರ್ ಅನಂತರ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ದಶಕಗಳ ಕಾಲ ಅಧ್ಯಾಪನ ಮಾಡಿದರು. ಅರ್ನ್‌ಸ್ಟ್ ಅವರಿಗೆ 1991ರಲ್ಲಿ, ಲೌಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡರಿಗೆ 2003ರಲ್ಲಿ ನೊಬೆಲ್ ದೊರೆಯಿತು.

ಎಂ.ಆರ್.ಐ. ಕೊಳವೆಯೊಳಗೆ ಮಲಗಿದವರು ಕೇಳುವ ಗುಡುಗುಡು ಸದ್ದು ಈ ಇಳಿಜಾರುಗಳದೇ. ಬಲವಾದ ಕ್ಷೇತ್ರದ ನಡುವೆ ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಹಾಕಿ ತೆಗೆದಾಗಲೆಲ್ಲ ಸುರುಳಿಯ ಮೇಲೆ ಬಲ ಬಿದ್ದು ಅದು ಅದುರುತ್ತದೆ. ಧ್ವನಿವರ್ಧಕದ ತತ್ತ್ವವೂ ಇದೇ. ಇಲ್ಲಿ ಇಡೀ ಯಂತ್ರವೇ ಧ್ವನಿವರ್ಧಕ.

ಹೀಗೆ ಸೂತ್ರಗಳು ನಮ್ಮವರ ಕೈಯಲ್ಲಿಯೂ ಹುಟ್ಟಿದವು. ಯಂತ್ರಗಳು ಮಾತ್ರ ಹೊರದೇಶಗಳಿಂದ ಬಂದವು. ಇದಕ್ಕೆ ಮುಖ್ಯ ಕಾರಣ ಅಯಸ್ಕಾಂತ. 3 ಟೆಸ್ಲಾ ಎಂದರೆ ನಮ್ಮ ನಾಡಿನಲ್ಲಿ ಭೂಮಿಯ ಕಾಂತಕ್ಷೇತ್ರದ ಸುಮಾರು 75,000 ಪಾಲು. ಸಾಧಾರಣ ತಾಮ್ರದ ತಂತಿಯಲ್ಲಿ ಇದನ್ನು ಉಂಟುಮಾಡಲು ಹೋದರೆ ಸುರುಳಿ ಕಾದು ಕರಗಬೇಕಾದೀತು. ಆದುದರಿಂದ ನಯೋಬಿಯಂ–ಟೈಟೇನಿಯಂ ಮಿಶ್ರಲೋಹದ ಎಳೆಗಳನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ ಸೊನ್ನೆಗಿಂತ 269 ಡಿಗ್ರಿ ಕೆಳಕ್ಕೆ ತಣಿಸುತ್ತಾರೆ. ಆಗ ತಂತಿ ಅತಿವಾಹಕವಾಗುತ್ತದೆ; ಒಮ್ಮೆ ಹರಿಯಬಿಟ್ಟ ವಿದ್ಯುತ್ತು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಯಂತ್ರ ಕೆಲಸ ಮಾಡದಿರುವಾಗಲೂ, ರಾತ್ರಿಯಲ್ಲಿಯೂ, ಅಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ. ಇದನ್ನು ಮರೆತರೆ ಅನಾಹುತ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಯ ಬಂಧುವೊಬ್ಬರು ಆಮ್ಲಜನಕದ ಉಕ್ಕಿನ ಸಿಲಿಂಡರನ್ನು ಹಿಡಿದು ಕೋಣೆಯೊಳಗೆ ಹೋಗಲಾಗಿ, ಯಂತ್ರವು ಅದನ್ನು ಅವರ ಸಮೇತ ಸೆಳೆದುಕೊಂಡು ಅವರು ಮೃತಪಟ್ಟರು.

ಹಳೆಯ ಬಗೆಯ ಅಯಸ್ಕಾಂತಕ್ಕೆ ಸಾವಿರ, ಎರಡು ಸಾವಿರ ಲೀಟರ್ ದ್ರವ ಹೀಲಿಯಂ ಬೇಕು. 1868ರ ಸೂರ್ಯಗ್ರಹಣವನ್ನು ಗುಂಟೂರಿನಿಂದ ವೀಕ್ಷಿಸಿದುದು ಈ ಧಾತುವಿನ ಶೋಧದ ಮೊದಲ ಮೆಟ್ಟಿಲುಗಳಲ್ಲೊಂದಾಗಿದ್ದರೂ, ನಾವಿಂದು ಹೀಲಿಯಂಗಾಗಿ ಹೊರದೇಶಗಳನ್ನೇ ನೆಚ್ಚಿದ್ದೇವೆ. ಕೆಲವೇ ಲೀಟರುಗಳಲ್ಲಿ ನಡೆಯುವ ಮುಚ್ಚಿದ ಅಯಸ್ಕಾಂತಗಳು ಈಚೆಗೆ ಬಂದಿವೆ. 2023ರ ಆಗಸ್ಟಿನಲ್ಲಿ ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಎಂಬ ಸಂಸ್ಥೆ ಕಟ್ಟಿದ 1.5 ಟೆಸ್ಲಾದ ಯಂತ್ರವನ್ನು ದೇಶದಲ್ಲಿಯೇ ರೂಪುಗೊಂಡ ಮೊದಲನೆಯದೆಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಸೂರ್ಯನ್ನರ ನಳಿಗೆಯಿಂದ ಇಲ್ಲಿಗೆ ಬರಲು 72 ವರ್ಷಗಳು! ಸೂತ್ರ ಹೊಳೆಯುವುದಕ್ಕೂ ಅದನ್ನು ಕಬ್ಬಿಣ ತಾಮ್ರಗಳಲ್ಲಿ ಎರಕಹೊಯ್ಯುವುದಕ್ಕೂ ನಡುವೆ ಇಷ್ಟು ಅಂತರ ಬೆಳೆಯಲು ಬಿಟ್ಟುದು ನಮ್ಮ ವಿದ್ಯಾಭ್ಯಾಸದ ಲೋಪವೆಂದೇ ನನ್ನ ಅಭಿಪ್ರಾಯ. ಪಾಠಶಾಲೆಗಳಲ್ಲಿ ನಾವು ಸೂತ್ರವನ್ನು ಬಾಯಿಪಾಠ ಮಾಡಿಸುತ್ತೇವೆಯೇ ಹೊರತು ಸುರುಳಿ ಸುತ್ತಿಸುವುದಿಲ್ಲ.

ಇನ್ನು ಹಳ್ಳಿಯ ಹುಡುಗನ ಎರಡನೆಯ ಪ್ರಶ್ನೆ: ಅದರಿಂದ ನಮಗೇನು?

ಆಸ್ಪತ್ರೆಯ ಯಂತ್ರ ರೋಗಿಗಾಗಿ ಇರುವುದು. ಸಂಶೋಧನ ಸಂಸ್ಥೆಯ ಯಂತ್ರಕ್ಕೆ ಆರೋಗ್ಯವಂತರೂ ಬೇಕು. ಏಕೆಂದರೆ ವಯಸ್ಸಾದವರೊಬ್ಬರ ಮಿದುಳಿನ ಚಿತ್ರವನ್ನು ಮುಂದಿಟ್ಟುಕೊಂಡು "ಇದು ಕುಗ್ಗಿದೆ" ಎಂದು ವೈದ್ಯರು ಹೇಳಬೇಕಾದರೆ, ಆ ವಯಸ್ಸಿನಲ್ಲಿ ಎಷ್ಟಿರುವುದು ಸಹಜವೆಂಬ ಮಾನದಂಡ ಬೇಕು. ಬಹುಕಾಲದಿಂದ ಬಳಕೆಯಲ್ಲಿರುವ ಮಾನದಂಡಗಳು ಹೆಚ್ಚಾಗಿ ಯುರೋಪು, ಅಮೆರಿಕಗಳ ಜನರನ್ನು ಅಳೆದು ಮಾಡಿದವು. ಮಿದುಳಿನ ಗಾತ್ರ, ಆಕಾರಗಳು ಜನಾಂಗದಿಂದ ಜನಾಂಗಕ್ಕೆ ಸ್ವಲ್ಪ ಬೇರೆಯಾಗುವುದುಂಟು. ಅನ್ಯರ ಅಂಗಿಯ ಅಳತೆಯಲ್ಲಿ ನಮಗೆ ಬಟ್ಟೆ ಹೊಲಿದಂತಾಗಬಾರದಷ್ಟೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳು 6ರಿಂದ 60 ವರ್ಷದವರೆಗಿನ ಭಾರತೀಯರ ಮಿದುಳಿನ ಮಾದರಿ ನಕ್ಷೆಗಳನ್ನು ಈಗಾಗಲೇ ರಚಿಸಿದ್ದಾರೆ. 60ರಿಂದ ಆಚೆಗೆ, ಎಂದರೆ ಮರೆವಿನ ರೋಗಗಳು ಬಾಗಿಲು ತಟ್ಟುವ ವಯಸ್ಸಿನಲ್ಲಿ, ಅಳತೆಯ ಅಗತ್ಯ ಇನ್ನೂ ಹೆಚ್ಚು.

ಈ ಕೆಲಸವನ್ನು ಮಿದುಳಿನ ಸಂಶೋಧನ ಕೇಂದ್ರ ಕೈಗೆತ್ತಿಕೊಂಡಿದೆ. ಅದು ಆರಿಸಿಕೊಂಡುದು ಪಟ್ಟಣವನ್ನಲ್ಲ. ಮಾವಿನ ತೋಟಗಳಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳನ್ನು. 2018ರಲ್ಲಿ ಮೊದಲಾದ ಈ ಅಧ್ಯಯನದ ಗುರಿ, 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವುದು. ನೆನಪು ಮತ್ತು ಬುದ್ಧಿಯ ಪರೀಕ್ಷೆ, ರಕ್ತ ಪರೀಕ್ಷೆ, ವಂಶವಾಹಿಗಳ ಪರಿಶೀಲನೆಗಳೊಡನೆ ಮಿದುಳಿನ ಎಂ.ಆರ್.ಐ. ಚಿತ್ರಣವೂ ಇದರಲ್ಲಿ ಸೇರಿದೆ. ಬೆಂಗಳೂರಿನ ನಗರವಾಸಿಗಳ ಮೇಲೆ ಇಂತಹುದೇ ಸಣ್ಣ ಅಧ್ಯಯನವೊಂದು ಜೊತೆಯಲ್ಲಿ ನಡೆಯುತ್ತಿದೆ. ಈ ಹಳ್ಳಿಗರಲ್ಲಿ ಶಾಲೆಯ ಮೆಟ್ಟಿಲು ಹತ್ತದವರು ಅನೇಕರು. ಓದು ಬರಹ ಬಲ್ಲವರಿಗೆಂದು ಮಾಡಿದ ನೆನಪಿನ ಪರೀಕ್ಷೆಯಲ್ಲಿ ಅಂಥವರು ಹಿಂದೆ ಬಿದ್ದರೆ, ಅದು ರೋಗದ ಗುರುತೋ ಅಕ್ಷರವಿಲ್ಲದ್ದರ ಗುರುತೋ ಪರೀಕ್ಷೆಯೊಂದರಿಂದಲೇ ಹೇಳಲಾಗದು. ಚಿತ್ರವಿದ್ದರೆ ಆ ಸಂದೇಹ ಬಹುಮಟ್ಟಿಗೆ ತೀರುತ್ತದೆ. ಚಳ್ಳಕೆರೆಯ ಕುರಿಗಾಹಿ ಮುದುಕನಿಗೂ ಈ ಮಾನದಂಡ ಬೋಸ್ಟನ್ನಿನ ಪ್ರಾಧ್ಯಾಪಕನ ಮಾನದಂಡಕ್ಕಿಂತ ಹತ್ತಿರದ್ದು.

ಅಳೆಯಬೇಕಾದ ವ್ಯತ್ಯಾಸ ಎಷ್ಟು ಸೂಕ್ಷ್ಮವೆಂಬುದನ್ನು ನೋಡಿರಿ. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಮಿದುಳಿನ ಎಡಬಲಗಳಲ್ಲಿ ಒಂದೊಂದಿದೆ. ಒಂದರ ಗಾತ್ರ ಸುಮಾರು ಮೂರೂವರೆ ಘನ ಸೆಂಟಿಮೀಟರ್. ಆರೋಗ್ಯವಂತರಾದ ವೃದ್ಧರಲ್ಲಿ ಇದು ವರ್ಷಕ್ಕೆ ಶೇಕಡಾ ಒಂದೂವರೆಯಷ್ಟು ಕುಗ್ಗುತ್ತದೆ. ಅಲ್ಜೈಮರ್ ರೋಗವಿದ್ದವರಲ್ಲಿ ಶೇಕಡಾ ನಾಲ್ಕೈದು. ಮೊದಲನೆಯದು ಒಂದು ಹೆಸರುಕಾಳಿನಷ್ಟು, ಎರಡನೆಯದು ಒಂದು ಕಡಲೆಕಾಳಿನಷ್ಟು. ವರ್ಷದ ಅಂತರದಲ್ಲಿ ತೆಗೆದ ಎರಡು ಚಿತ್ರಗಳ ನಡುವೆ ಹೆಸರುಕಾಳು ಹೋಯಿತೋ ಕಡಲೆಕಾಳು ಹೋಯಿತೋ ಎಂಬುದನ್ನು ಯಂತ್ರ ಹೇಳಬೇಕು. ಚಿತ್ರದ ಒಂದೊಂದು ಕಣವೂ ಒಂದು ಘನ ಮಿಲಿಮೀಟರ್ ಇರುವುದರಿಂದ ಇದು ಸಾಧ್ಯ. ಆದರೆ ಈ ನಡುವೆ ಯಂತ್ರದ ಇಳಿಜಾರು ಕ್ಷೇತ್ರ ಶೇಕಡಾ ಒಂದರಷ್ಟು ಬದಲಾಗಿದ್ದರೂ ಆ ದಿಕ್ಕಿನ ಉದ್ದಗಳೆಲ್ಲ ಅಷ್ಟೇ ಬದಲಾಗಿ, ಮಿದುಳು ಕುಗ್ಗಿತೆಂಬ ಭ್ರಮೆ ಹುಟ್ಟೀತು. ಇದನ್ನು ಪತ್ತೆಹಚ್ಚಲು ಯಂತ್ರವನ್ನು ನೋಡಿಕೊಳ್ಳುವವರು ಗಾತ್ರ ಗೊತ್ತಿರುವ, ನೀರು ತುಂಬಿದ ಪ್ಲಾಸ್ಟಿಕ್ ಗೋಳವೊಂದನ್ನು ನಿಯತವಾಗಿ ಒಳಗಿಟ್ಟು ಚಿತ್ರ ತೆಗೆಯುತ್ತಾರೆ. ಗೋಳ ನಿನ್ನೆಯಷ್ಟೇ ಗಾತ್ರದ್ದಾಗಿ ಕಂಡ ಮೇಲೆಯೇ ಮನುಷ್ಯರ ಸರದಿ.